ಹಳದಿ ಗೆರೆ ಎಳೆದ ಬೋಲ್ಟು

ಸೋಮವಾರ, ಬೆಳಿಗ್ಗೆ 8.50. ಮಹಿಳಾ ಕಾನ್‌ಸ್ಟೇಬಲ್ ವಿಜೇತಾ ಠಾಣೆಯ ಹಿಂಬದಿಯಲ್ಲಿ ಸ್ಟೀಲ್ ಲೋಟಗಳನ್ನು ತೊಳೆದು ಒಂದೊಂದಾಗಿ ಕವುಚಿಡುತ್ತಿದ್ದಳು. ಹಿಂದಿನ ದಿನ ವೇಣೂರಿನ ದಾರಿಯಲ್ಲಿ ಖಾಸಗಿ ಬಸ್ಸೊಂದರ ಅಡಿಯಲ್ಲಿ ಹಿಂದಿನ ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ನೆಲದ ಹಲಗೆ ಒಡೆದು ಒಳಗೆ ನುಗ್ಗಿತ್ತು. ಅದರ ಮೇಲಿನ ಸೀಟಿನಲ್ಲಿದ್ದ ಕಾವೇರಮ್ಮ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು.

ಅವರ ಮಗಳು ಕಾಂತಿ ದೂರು ಬರೆದು ತಂದಳು.

"ಡ್ರೈವರ್ ಜೋರಾಗಿ ಬಿಟ್ಟದ್ದು ಸರ್. ಅವನನ್ನು ಬಿಡಬೇಡಿ."

9.30ಕ್ಕೆ ಡ್ರೈವರ್ ಜತ್ತಪ್ಪನ ಮೇಲೆ ಎಫ್‌ಐಆರ್ ದಾಖಲಾಗಿ, ಅವನ ಲೈಸೆನ್ಸ್ ಠಾಣೆಯಲ್ಲಿ ಉಳಿಯಿತು. ಇನ್‌ಸ್ಪೆಕ್ಟರ್ ಸುಬ್ಬಯ್ಯ ಅವನನ್ನು ಎದುರು ನಿಲ್ಲಿಸಿಕೊಂಡರು.

"ಬಸ್ಸಿನಡಿ ಶಬ್ದ ಬರ್ತಿತ್ತಾ?"

"ಶನಿವಾರ ಬಂದಿತ್ತು ಸರ್. ಗುರುವಾಯನಕೆರೆಯಲ್ಲಿ ಪದ್ಮಯ್ಯ ಮೇಸ್ತ್ರಿಯ ಗ್ಯಾರೇಜಿಗೆ ಬಿಟ್ಟೆ. ಅವರು ಶಾಫ್ಟಿನ ಬೋಲ್ಟು ಬಿಗಿ ಮಾಡಿ ಅದರ ಮೇಲೆ ಹಳದಿ ಗೆರೆ ಎಳೆದ್ರು. ಆ ಗೆರೆ ಬಿದ್ದ ಮೇಲೆ ಯಾರೂ ಮುಟ್ಲಿಕ್ಕಿಲ್ಲ."

"ನಿನ್ನೆ?"

"ಒಂದು ಸಣ್ಣ ಶಬ್ದವೂ ಇರ್ಲಿಲ್ಲ. ಲೈಸೆನ್ಸ್ ಹೋದ್ರೆ ನಾನು ಎಂತ ಮಾಡುದು ಸರ್? ಬೇರೆ ಕೆಲಸ ಗೊತ್ತಿಲ್ಲ."

11.15ಕ್ಕೆ ಬಸ್ಸಿನಡಿ ಪಂಚನಾಮೆ ನಡೆಯಿತು. ಶಾಫ್ಟಿನ ನಾಲ್ಕು ಬೋಲ್ಟುಗಳಲ್ಲಿ ಮೂರು ರಸ್ತೆಗೆ ಬಿದ್ದಿದ್ದವು. ಉಳಿದ ಒಂದರ ನಟ್ ಅರ್ಧ ಹೊರಬಂದಿತ್ತು. ಬೋಲ್ಟಿನಿಂದ ನಟ್ಟಿಗೆ ಒಂದೇ ಎಳೆಯಾಗಿದ್ದ ಹಳದಿ ಗೆರೆ ನಟ್ ತಿರುಗಿದ್ದರಿಂದ ಈಗ ಎರಡು ತುಂಡಾಗಿತ್ತು. ವಿಜೇತಾ ನಟ್ ಬಿಚ್ಚಿ, ಅಡಿಯಲ್ಲಿದ್ದ, ಸೀಳಿದ ಉಂಗುರದಂಥ ಸ್ಪ್ರಿಂಗ್ ವಾಷರನ್ನು ಬೆಳಕಿಗೆ ಹಿಡಿದಳು.

"ಎರಡು ತುದಿಯೂ ಸಮ ಉಂಟು ಸರ್. ಹೊಸತರಲ್ಲಿ ಒಂದು ತುದಿ ಎದ್ದಿರ್ತದೆ. ನಟ್ಟನ್ನು ಒತ್ತಿ ಹಿಡಿಯುದು ಅದೇ. ಇದು ಚಪ್ಪಟೆಯಾದ ಹಳೇ ವಾಷರ್."

"ನಿನಗೆ ಹೇಗೆ ಗೊತ್ತು?"

"ಅಪ್ಪನಿಗೆ ಸೈಕಲ್ ಶಾಪ್ ಇತ್ತು."

ಮಧ್ಯಾಹ್ನ 3.00. ಗ್ಯಾರೇಜಿನಲ್ಲಿ ಪದ್ಮಯ್ಯ ಕೈ ಒರೆಸಿಕೊಳ್ಳುತ್ತಾ ಎದ್ದರು.

"ನಾನು ಹೊಸ ವಾಷರೇ ಹಾಕಿದ್ದು ಸರ್. ಅವನು ರಸ್ತೆಯ ಹಂಪಿನಲ್ಲಿ ಬಸ್ಸು ಹಾರಿಸಿರ್ಬೇಕು. ಜತ್ತಪ್ಪನಿಗೆ ವಿಮಾನ ಕೊಟ್ಟರೂ ಸಾಲದು."

ಬೆಂಚಿನ ಮೇಲೆ ಒಂದು ಡಬ್ಬಿ. ಬಿಚ್ಚಿ ತೆಗೆದ ವಾಷರುಗಳೂ ಹೊಸವೂ ಅದರಲ್ಲೇ ಬೆರೆತಿದ್ದವು.

"ಎಲ್ಲ ಒಂದೇ ಡಬ್ಬಿಯಾ?"

"ಹಳತರಲ್ಲೂ ಜೀವ ಇರುದು ಉಂಟು. ಬಸ್ಸಿನಡಿ ಮಲಗಿ ಬೆರಳಲ್ಲೇ ಆರಿಸುದು. ಮೂವತ್ತು ವರ್ಷದ ಕೈ ಇದು."

ಎದುರಿನ ಹೋಟೆಲಿನಿಂದ ಚಾ ಬಂತು. ಸುಬ್ಬಯ್ಯ ಸುಡುವ ಲೋಟ ಹಿಡಿಯಲಾಗದೆ ಟೈರಿನ ಮೇಲಿಟ್ಟರು. ಪದ್ಮಯ್ಯ ತನ್ನ ಲೋಟವನ್ನು ಬರಿಗೈಯಲ್ಲಿ ಸುತ್ತಿ ಹಿಡಿದು ನಿಂತೇ ಇದ್ದರು. ವಿಜೇತಾ ಆ ಬೆರಳುಗಳನ್ನೇ ನೋಡುತ್ತಿದ್ದಳು. ಆಮೇಲೆ ಇನ್‌ಸ್ಪೆಕ್ಟರರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಏನೋ ಹೇಳಿದಳು.

"ಮೇಸ್ತ್ರಿಗಳೇ, ನೋಡದೆ ನಾಲ್ಕು ಹೊಸ ವಾಷರ್ ತೆಗೀರಿ," ಎಂದರು ಸುಬ್ಬಯ್ಯ.

ಪದ್ಮಯ್ಯ ನಕ್ಕರು. ಗೋಡೆಗೆ ಮುಖ ಮಾಡಿ ಡಬ್ಬಿಯೊಳಗೆ ಕೈ ಹಾಕಿದರು. ವಾಷರುಗಳು ಬಹಳ ಹೊತ್ತು ಒಂದಕ್ಕೊಂದು ಉಜ್ಜಿದವು. ಕೊನೆಗೆ ನಾಲ್ಕನ್ನು ಬೆಂಚಿನ ಮೇಲಿಟ್ಟರು. ಮೂರು ಚಪ್ಪಟೆಯಾಗಿದ್ದವು.

ಅವರು ತಿರುಗಿ ನೋಡಿದರು. ನಗು ಹೋಯಿತು.

"ಸಕ್ಕರೆ ಕಾಯಿಲೆ ಉಂಟಾ?" ಸುಬ್ಬಯ್ಯ ಕೇಳಿದರು.

"ಉಂಟು. ಬೆರಳಿಗೆ ಗೊತ್ತಾಗದೆ ಎರಡು ವರ್ಷ ಆಯ್ತು."

"ಟಾರ್ಚ್ ಹಾಕಿ ನೋಡಬಹುದಿತ್ತಲ್ಲ?"

"ಪದ್ಮಯ್ಯ ಟಾರ್ಚ್ ಹಿಡಿದ ಅಂದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು ಸರ್. ಮತ್ತೆ ನನ್ನ ಕೈಗೆ ಯಾರು ಬಸ್ಸು ಕೊಡ್ತಾರೆ?"

"ಒಂದು ವಾರದಲ್ಲಿ ಎಷ್ಟು ಬಸ್ಸಿಗೆ ಗೆರೆ ಎಳೆದಿರಿ?"

"ಇನ್ನೂ ಮೂರು."

ಸುಬ್ಬಯ್ಯ ಫೋನ್ ತೆಗೆದರು. ಒಂದು ಬಸ್ಸು ಬಂಟ್ವಾಳದಲ್ಲಿ, ಇನ್ನೊಂದು ಮೆಲ್ಕಾರಿನಲ್ಲಿ ನಿಂತಿತು. ಮೂರನೆಯದು ಮೂಡಬಿದ್ರೆ ದಾರಿಯಲ್ಲಿತ್ತು. ಡ್ರೈವರ್ ಎರಡು ಸಲ ಫೋನ್ ಎತ್ತಲಿಲ್ಲ. ಮೂರನೇ ಸಲ ಎತ್ತಿದ. ಜನರನ್ನು ಇಳಿಸಿ ನೋಡಿದಾಗ ಒಂದು ನಟ್ ಕೈಯಲ್ಲೇ ತಿರುಗುತ್ತಿತ್ತು.

ಸಂಜೆ 4.40ಕ್ಕೆ ಪದ್ಮಯ್ಯನವರ ಬಂಧನ. ಜತ್ತಪ್ಪನಿಗೆ ಲೈಸೆನ್ಸ್ ಮರಳಿ ಸಿಕ್ಕಿತು. ಅವನು ಅದನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದು ಬಾಗಿಲ ಬಳಿ ನಿಂತ. ಠಾಣೆಯ ಬೆಂಚಿನ ಮೇಲೆ ಕಾಂತಿ ಕುಳಿತಿದ್ದಳು.

ವಿಜೇತಾ ಪದ್ಮಯ್ಯನವರ ಬೆರಳುಗಳಿಗೆ ಶಾಯಿ ಹಚ್ಚಿ, ಒಂದೊಂದಾಗಿ ಕಾಗದಕ್ಕೆ ಒತ್ತತೊಡಗಿದಳು. ಪದ್ಮಯ್ಯ ಕಾಗದ ನೋಡಲಿಲ್ಲ. ಬಸ್ಸಿನಡಿ ಮಲಗಿದವರಂತೆ ಮುಖ ಮೇಲೆತ್ತಿ ಮಾಡಿನ ಕಡೆ ನೋಡುತ್ತಿದ್ದರು.

"ಒತ್ತಿ ಆದ್ಮೇಲೆ ಒಮ್ಮೆ ಹೇಳಿ," ಎಂದರು. "ನನಗೆ ಗೊತ್ತಾಗುದಿಲ್ಲ."