ಮಾಂಜ್ರಾ ದಾಟಿದ ಬೆಳಕು

ಬರಗಾಲದ ವರ್ಷ. ಔರಾದ ತಾಲೂಕಿನ ಆ ಹಳ್ಳಿಯ ಅರ್ಧ ಜನ ಪುಣೆಗೆ ದುಡಿಯಲು ಹೋಗಿದ್ದರು. ಬಿರುಗಾಳಿಗೆ ಟವರ್ ಬಿದ್ದು ಫೋನೆಲ್ಲ ಸತ್ತಿದ್ದವು. ಪುಣೆಯಲ್ಲಿದ್ದ ತುಂಬು ಬಸುರಿ ಮಗಳು ಶಾಲುಬಾಯಿ ಹಡೆದಳೋ ಇಲ್ಲವೋ, ಕೇಶರಬಾಯಿಗೆ ಸುದ್ದಿಯೇ ಇಲ್ಲ. ಪಾಪ, ತಾಯಿ ಜೀವ!

ಬೀದರದ ಕಾಲೇಜಿನಿಂದ ಅಲಕಾ ಮೇಡಂ ಎರಡು ಲೇಸರ್ ಯಂತ್ರ ತಂದಳು. ಮಾಂಜ್ರಾ ನದಿಯಾಚೆ, ಟವರ್ ಇನ್ನೂ ನಡೆಯುತ್ತಿದ್ದ ಭಾಲ್ಕಿ ಕಡೆಯ ಗುಡ್ಡದಲ್ಲಿ, ಒಂದನ್ನಿಟ್ಟುಕೊಂಡು ಅವಳ ಸಹಾಯಕ ಮಚ್ಛೇಂದ್ರ ಕೂತಿದ್ದ. ಇನ್ನೊಂದನ್ನು ಈಚೆ ಗುಡ್ಡಕ್ಕೆ ಹೊರಬೇಕು. ತಂತಿಯಿಲ್ಲದೆ, ಕಾಣದ ಬೆಳಕಿನ ಮೇಲೆ ಮಾತು ಮಾಂಜ್ರಾ ದಾಟಿ ಊರಿನ ಫೋನುಗಳಿಗೆ ಇಳಿಯಬೇಕು.

ಕೇಶರಬಾಯಿ ಯಂತ್ರಕ್ಕೆ ಪೂಜೆ ಮಾಡಿ, "ದಾರಿ ನಾ ತೋರಸ್ತೇನಿ, ಬರ್ರಿ" ಎಂದು ಮುಂದಾದಳು.

ಕೆಂಪುಕಲ್ಲು ಕಾದ ಹಂಚಾಗಿತ್ತು. ಯಂತ್ರ ಹೊತ್ತ ಲೈನ್‌ಮನ್ ಲಾಲ ಅಹ್ಮದ ಜಾರಿದ. ಅದನ್ನು ತಬ್ಬಿಕೊಂಡೇ ಉರುಳಿದ.

"ಏನಾತ್ರಿ?"

"ಡಬ್ಬಿ ಛಲೋ ಅದರಿ ಮೇಡಂ. ಮೊಣಕಾಲ ಒಂದ ಹೋಯ್ತು!"

ನೆತ್ತಿಯಲ್ಲಿ ನಿಂತರೆ ಬತ್ತಿದ ಮಾಂಜ್ರಾ, ಬೋಳು ಹೊಲಗಳು, ಕುಣಿಯುವ ಬಿಸಿಗಾಳಿ. ಬೆಳಕಿನ ಗುರಿ ಕೂದಲೆಳೆ ತಪ್ಪಿದರೂ ಕೆಲಸ ಕೆಟ್ಟಿತು. ಹಿಂದೆ ಸಿಪಾಯಿಗಳು ಕನ್ನಡಿಯ ಬಿಸಿಲಿನಿಂದ ಸುದ್ದಿ ಕಳಿಸುತ್ತಿದ್ದರು; ಆಮೇಲೊಬ್ಬ ಪುಣ್ಯಾತ್ಮ ಬಿಸಿಲಿನ ಮೇಲೆ ಮಾತನ್ನೇ ಹಾಯಿಸಿದ. ಲೇಸರ್ ಬಂದದ್ದು ಬಹಳ ತಡವಾಗಿ. ಧೂಳು, ಮಂಜು, ಬಿಸಿಗಾಳಿಯ ಕಾಟ ಮಾತ್ರ ತಪ್ಪಲಿಲ್ಲ.

ಅಲಕಾ ಕನ್ನಡಿ ಹೊಳೆಯಿಸಿದಳು. ಆಚೆಯಿಂದ ಮಚ್ಛೇಂದ್ರನ ಕನ್ನಡಿ ಮಿಂಚಿತು. ಗುರಿ ಕೂಡಿತು. ಆದರೂ ಯಂತ್ರದ ಹಸಿರು ದೀಪ ಹತ್ತಲಿಲ್ಲ!

ಬಿಸಿಲಿಳಿಯಲೆಂದು ಕಾದರು. ಇಲ್ಲ. ತಂದ ನೀರೂ ಮುಗಿಯುತ್ತ ಬಂತು.

"ಪೂಜಿ ಮಾಡೇನಿ, ಆದ್ರೂ ಯಾಕ ಹತ್ತವಲ್ದರಿ?" ಕೇಶರಬಾಯಿ ಗೊಣಗಿದಳು.

ಅಲಕಾ ತಿರುಗಿದಳು. "ಕುಂಕುಮ ಎಲ್ಲಿ ಹಚ್ಚೀರಿ ಅವ್ವಾರ?"

"ಅದರ ಕಣ್ಣಿಗಿ."

ಬಿಸಿಲು ತಡೆಯುವ ಕೊಳವೆಯೊಳಗೆ, ಗಾಜಿನ ತುಂಬ ಅರಿಶಿನ-ಕುಂಕುಮ!

"ಅಯ್ಯ, ನನ್ನ ಕೈಲೇ ಕೆಟ್ಟಿತಲ್ಲ!" ಮುದುಕಿ ಸೆರಗಿನಿಂದ ಗಾಜು ಒರೆಸಹೋದಳು.

"ಕೆಟ್ಟಿಲ್ರಿ, ತೊಳದ್ರ ಆಯ್ತು. ನೀರ ಅದ ಏನ್ರಿ?"

ಉಳಿದದ್ದು ಒಂದೇ ಗುಟುಕು. ಲಾಲ ಅಹ್ಮದ ಬಾಯಿಗೆ ಎತ್ತಿದ್ದ ಬಾಟಲಿ ಇಳಿಸಿದ. "ತಗೋರಿ. ನಂದೇನ, ಕೆಳಗ ಹೋಗಿ ಕುಡಿತೇನಿ."

ಗಾಜು ತೊಳೆದರು. ಹಸಿರು ದೀಪ ಹತ್ತಿತು. ಅಲಕಾ ಪುಣೆಗೆ ಫೋನ್ ಹಚ್ಚಿ ಕೇಶರಬಾಯಿಯ ಕಿವಿಗೆ ಹಿಡಿದಳು.

"ಅವ್ವಾ! ಹೆಣ್ಣ ಹುಟ್ಟೇದ. ಕೇಳಿಲ್ಲಿ."

ಕೂಸು ಕಿರುಚಿತು. ಕೇಶರಬಾಯಿ ಅಳುತ್ತ ನಕ್ಕಳು. ಲಾಲ ಅಹ್ಮದನೂ ಕಣ್ಣೊರೆಸಿಕೊಂಡ.

ಹೊರಡುವಾಗ ಅವಳು ಕುಂಕುಮದ ಬಟ್ಟಲು ತೆಗೆದು ಕೇಳಿದಳು: "ಮೇಡಂ, ಇದರ ಬೆನ್ನಿಗಿ ಹಚ್ಚಬಹುದ ಏನ್ರಿ?"

"ಬೆನ್ನಿಗಿ ಎಷ್ಟ ಬೇಕಾದ್ರೂ ಹಚ್ಚರಿ!"

ಒಣಗಿದ ನಾಲಿಗೆ, ಕುಂಟುವ ಕಾಲು. ಮೂವರೂ ಇಳಿದು ಊರ ಬಾಗಿಲಿಗೆ ಬಂದರು. ಒಂದು ಮನೆಯಲ್ಲಿ ಫೋನ್ ರಿಂಗಾಯಿತು. ಪಕ್ಕದ ಮನೆಯಲ್ಲಿ ಇನ್ನೊಂದು. ಆಮೇಲೆ ಓಣಿಗೆ ಓಣಿಯೇ.