ನುಗ್ಗೆರಸಕ್ಕೆ ನೀರು ಬೆರೆಸಿದವಳು

ಹಿಂದಕ್ಕೆ, ಇನ್ನೂ ಹಿಂದಕ್ಕೆ, ನಮ್ಮಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲದಲ್ಲಿ, ಸೋರೆಪಟ್ಟಣ ಅಂತ ಒಂದು ರಾಜ್ಯವಿತ್ತು. ಅಲ್ಲಿಯ ಜನಕ್ಕೆ ಕಾಯಿಪಲ್ಲೆಯೇ ಬದುಕು. ಒಂದು ವಿಚಾರದಲ್ಲಿ ಮಾತ್ರ ಭಾರಿ ಕಟ್ಟುನಿಟ್ಟು: ಯಾವುದಕ್ಕೂ ನೀರು ಬೆರೆಸಬಾರದು. ಹಾಲಿಗೆ ಬೆರೆಸಿದವನಿಗೆ ಗಡೀಪಾರು, ಮದ್ದಿಗೆ ಬೆರೆಸಿದವನಿಗೂ ಗಡೀಪಾರು.

ಆ ರಾಜ್ಯದ ಮೇಲೆ ಕರಿಗುಡ್ಡದ ಮಾಟಗಾರನ ಕಣ್ಣು ಬಿತ್ತು. ಅವನು ಗಾಳಿಗೆ ಒಂದು ಹಿಡಿ ಬೂದಿ ತೂರಿದ. ಅಷ್ಟೆ, ಬದನೆ, ಹೀರೆ, ಮೆಣಸು ಯಾವುದೇ ಬಿತ್ತಲಿ, ಸಸಿ ಎರಡೆಲೆ ಬಿಟ್ಟು ಅಲ್ಲೇ ನಿಂತುಬಿಡುತ್ತಿತ್ತು. ಮಕ್ಕಳು ಹಸಿವಿಗೆ ಮಣ್ಣು ತಿಂದವು. ಯಾಕೆ ಹೀಗೆ ಮಾಡಿದೆ ಅಂತ ಕೇಳಲು ಹೋದ ಮೈಲಾರಿ ಎಂಬ ಊರ ಹುಡುಗನನ್ನು ಮಾಟಗಾರ ಗುಡ್ಡದ ಮೇಲೆ ನುಗ್ಗೆಮರ ಮಾಡಿ ನಿಲ್ಲಿಸಿದ.

ಮೈಲಾರಿಯ ತಂಗಿ ದ್ಯಾಮಿ ಅರಮನೆಯಲ್ಲಿ ಸಸಿ ಬೆಳೆಸುವವಳು. ಅಳುತ್ತ ಗುಡ್ಡ ಹತ್ತಿದಳು. ಮರ ಮಾತಾಡಿತು.

"ಅಳಬ್ಯಾಡ ಕಣವ್ವ. ನನಗಿರೋದು ಮೂರೇ ಟೊಂಗೆ. ಒಂದರ ಎಲೆ ಅರೆದು ಹಿಂಡು, ಪಾವು ರಸ ಬರ್ತದೆ. ಅದಕ್ಕೆ ಒಂದು ಕೊಡ ನೀರು ಬೆರೆಸಿ ಸಸಿಮಡಿಗೆ ಚಿಮುಕಿಸು. ಬರೀ ರಸ ಹಾಕಿದ್ರೆ ಸುಟ್ಟುಹೋಗ್ತವೆ, ಜೋಕೆ. ಸಸಿ ಮೂರನೇ ಎಲೆ ಬಿಟ್ಟ ಗಳಿಗೆಗೆ ಮಾಟಗಾರ ಸಾಯ್ತಾನೆ. ಆಗ ನನ್ನ ಮೈಮೇಲೆ ಎಲೆ ಉಳಿದಿದ್ರೆ ನಾನೂ ಮನುಷ್ಯ ಆಗ್ತೀನಿ. ಕಿತ್ತಿದ್ದು ಮತ್ತೆ ಚಿಗುರಲ್ಲ."

ಮರದ ಬುಡದಲ್ಲಿ ಎರಡು ತಲೆಯ ಕತ್ತೆಕಿರುಬ ಕಾವಲಿತ್ತು. ಅದು ಕಚ್ಚಲಿಲ್ಲ. "ಕಿತ್ಕೋ ತಾಯಿ. ನಿಮ್ಮೂರೋರ ಮೇಲೆ ನನಗೆ ನಂಬಿಕೆ ಐತೆ" ಅಂತ ನಕ್ಕಿತು.

ದ್ಯಾಮಿ ಮೊದಲ ಟೊಂಗೆ ಬೋಳಿಸಿ, ರಸ ಹಿಂಡಿ ಅರಮನೆಗೆ ತಂದಳು. ರಾಜ್ಯದಲ್ಲಿ ಉಳಿದ ಬೀಜವೆಲ್ಲ ಅಲ್ಲಿನ ಮಡಿಯಲ್ಲೇ ಇತ್ತು. ನೀರು ತರಲು ಬಾವಿಗೆ ಹೋದಳು. ಅವಳು ರಸಕ್ಕೆ ನೀರು ಬೆರೆಸುತ್ತಾಳೆ ಅಂತ ಸುದ್ದಿ ಕೇಳಿ ಅಷ್ಟರಲ್ಲಿ ಮಂತ್ರಿ ಬಂದ. "ಮಹಾರಾಜರ ಮಡಿಗೆ ನೀರು ಬೆರೆಸಿದ್ದಾ? ಛೀ!" ಅಂತ ಬರೀ ರಸವನ್ನೇ ಸುರಿದ. ಅರ್ಧ ಮಡಿ ಸುಟ್ಟು ಕಪ್ಪಾಯಿತು.

ದ್ಯಾಮಿ ಮತ್ತೆ ಗುಡ್ಡ ಹತ್ತಿದಳು. ಕತ್ತೆಕಿರುಬ ಕೇಳಿತು, "ಯಾಕವ್ವ, ನಿಮ್ಮೂರ ಬಾವಿ ಬತ್ತಿತಾ?"

ಎರಡನೆಯ ಟೊಂಗೆ ಬೋಳಾಯಿತು. ಈ ಸಲ ತಾನೇ ನೀರು ಬೆರೆಸಿ ಕೊಡ ಹೊತ್ತು ಬಂದಳು. ಬಾಗಿಲ ಕಾವಲಿನವರು ಇಣುಕಿ ನೋಡಿದರು. "ಬಣ್ಣವೇ ಇಲ್ಲ! ಅರ್ಧ ರಸ ಕದ್ದು ನೀರು ತುಂಬಿದ್ದಾಳೆ ಕಳ್ಳಿ!" ಕೊಡ ಕಸಿದು ಚರಂಡಿಗೆ ಚೆಲ್ಲಿದರು.

ಮೂರನೆಯ ಸಲ ಮರದ ಮುಂದೆ ನಿಂತಾಗ ದ್ಯಾಮಿಯ ಕೈ ಏಳಲಿಲ್ಲ.

"ಅಣ್ಣಾ, ಇವರು ಹಾಳಾಗಿ ಹೋಗ್ಲಿ. ನೀನಿರು."

"ಮಣ್ಣು ತಿನ್ನೋ ಮಕ್ಕಳು ಏನು ಮಾಡಿದ್ವೇ? ಕಿತ್ಕೋ. ಮೆಲ್ಲಗೆ ಕೀಳು, ನೋಯ್ತದೆ."

ಕೊನೆಯ ಎಲೆ ಕಿತ್ತ ಮೇಲೆ ಮರ ಮಾತಾಡಲಿಲ್ಲ. ಕತ್ತೆಕಿರುಬವೂ ನಗಲಿಲ್ಲ.

ದ್ಯಾಮಿ ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಕುಡುಗೋಲು ಹಿಡಿದು ಅರಮನೆಗೆ ನುಗ್ಗಿದಳು. "ಹತ್ತಿರ ಬಂದೋರನ್ನ ಕೊಚ್ಚಿಹಾಕ್ತೀನಿ!" ಉಳಿದರ್ಧ ಮಡಿಗೆ ತಾನೇ ಚಿಮುಕಿಸಿದಳು. ನೋಡುತ್ತಿದ್ದಂತೆ ಒಂದು ಬದನೆ ಸಸಿ ಮೂರನೆಯ ಎಲೆ ಬಿಟ್ಟಿತು. ಅತ್ತ ಕರಿಗುಡ್ಡದಲ್ಲಿ ಮಾಟಗಾರ ಬೂದಿಯಾಗಿ ಉದುರಿದ. ಕತ್ತೆಕಿರುಬ ಹೊಗೆಯಾಗಿ ಹೋಯಿತು.

ಬದನೆ ಕಾಯಿ ಬಿಟ್ಟಿತು, ಹೀರೆ ಹಬ್ಬಿತು, ಮಕ್ಕಳ ಕೆನ್ನೆ ತುಂಬಿತು. ಇನ್ನು ಮೇಲೆ ನೀರು ಬೆರೆಸಬಹುದು ಅಂತ ರಾಜ ಡಂಗುರ ಸಾರಿಸಿದ. ಔತಣವೋ ಔತಣ.

ದ್ಯಾಮಿ ಗುಡ್ಡದ ಮೇಲೆ ಬೋಳುಮರಕ್ಕೆ ಒರಗಿ ಕೂತಿದ್ದಳು. ಕೊಡಲಿ ಹೆಗಲಿಗಿಟ್ಟು ಇಬ್ಬರು ಬಂದರು.

"ಏಳು ತಂಗಿ. ಔತಣದ ಒಲೆಗೆ ಸೌದೆ ಸಾಲ್ತಿಲ್ಲ. ಇದು ಹೆಂಗೂ ಒಣಗೈತೆ."

"ಇವನು ಮೈಲಾರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನ ಬಾಯಲ್ಲಿ ಇನ್ನೂ ಬದನೆಕಾಯಿ ಇತ್ತು. ಅಗಿಯುತ್ತಲೇ ಕೇಳಿದ:

"ಯಾವ ಮೈಲಾರಿ?"

ಸೋರೆಪಟ್ಟಣದವರೆಲ್ಲ ಹೊಟ್ಟೆತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಸುಖವಾಗಿದ್ದರು.