ಒರೆಯ ಬಾಯಿಗೆ ಕೊಂಬಿನ ಬಳೆ

"ಆ ಕೊಂಬ ಮುಟ್ಟಬೇಡ ಅಯ್ಯಾ. ಅದು ಎನ್ನ ಗಂಡನ ಪಾಪವ ಹೊತ್ತ ಎಮ್ಮೆ."

ಹಳ್ಳದ ಅಂಚಿನಲ್ಲಿ ನಿಂತು ಕೆಂಪಿ ಹೀಗೆಂದಾಗ ವಾಮನಪ್ಪನಿಗೆ ನಗು ತಡೆಯಲಾಗಲಿಲ್ಲ. ಕೆಳಗೆ, ಕಣಿವೆಯ ದಟ್ಟ ಸೋಲೆ ಕಾಡು ಶುರುವಾಗುವಲ್ಲಿ, ಮುದಿ ಎಮ್ಮೆಯೊಂದು ಸತ್ತು ಬಿದ್ದಿತ್ತು. ನರಿಗಳು ತಮ್ಮ ಪಾಲು ಮುಗಿಸಿ ಹೋಗಿದ್ದವು. ಉಳಿದದ್ದು ಎಲುಬು, ಸೆಟೆದ ತೊಗಲು, ಮತ್ತೆ ಕಾಡಿಗೆಯಷ್ಟು ಕಪ್ಪಾದ ಎರಡು ನೀಳ ಕೊಂಬು. ಅವುಗಳಲ್ಲಿ ಒಂದು ಬಿರುಕೂ ಇರಲಿಲ್ಲ.

"ಏನಮ್ಮಾ, ಪಾಪ ಕೊಂಬಲ್ಲಿರುತ್ತಾ? ಹುಟ್ಟಿದಾಗಿಂದ ಕೊಂಬು ಕುಯ್ತಾ ಇದೀನಿ. ಒಳಗೆ ಪೊಳ್ಳು ಬಿಟ್ರೆ ಬೇರೇನೂ ಕಂಡಿಲ್ಲ."

ಮಾತಿಗೆ ಮುಂಚೆ ನಗುವುದು ಅವನ ಚಾಳಿ. ಬೀಟೆ ಮರದಲ್ಲಿ ದಂತ ಕೂರಿಸುವ ಮೈಸೂರಿನ ಕೆಲಸಗಾರ ಅವನು. ಕೈ ಚೆನ್ನಾಗಿತ್ತು, ಅದು ಚೆನ್ನಾಗಿದೆಯೆಂಬ ಜಂಬ ಇನ್ನೂ ಚೆನ್ನಾಗಿತ್ತು. ಊಟಿಗೆ ರೈಲು ಬಂದ ಹೊಸತು. ಸೋಲೂರಿನ ಬಳಿಯ ಎಸ್ಟೇಟಿನ ದೊರೆಯೊಬ್ಬ ಅವನನ್ನು ಕರೆಸಿದ್ದ. ಆ ದೊರೆಗೆ ಹಳೆಯ ಆಯುಧಗಳನ್ನು ಗೋಡೆಗೆ ತೂಗುಹಾಕಿ ನೋಡುತ್ತ ಕೂರುವ ಹುಚ್ಚು. ಹಡಗಿನಲ್ಲಿ ಬಂದ ಜಪಾನಿನ ಕತ್ತಿಯೊಂದಿತ್ತು. ಅಲಗು ಇನ್ನೂ ನೀರಿನಂತೆ ಹೊಳೆಯುತ್ತಿದ್ದರೂ ಒರೆ ಮತ್ತು ಹಿಡಿ ಬೆಟ್ಟದ ಮಳೆಗೆ ಬೂಷ್ಟು ಹಿಡಿದು ಕೊಳೆತಿದ್ದವು. ಅವನ್ನು ಹೊಸದಾಗಿ ಮಾಡಬೇಕಿತ್ತು.

ಅಂಟಿನ ನಾತ ಬಂಗಲೆಗೆ ಆಗದೆಂದು ಅವನಿಗೆ ಪಕ್ಕದ ಹಟ್ಟಿಯಲ್ಲಿ ವಿಧವೆ ಕೆಂಪಿಯ ಮನೆಯ ಜಗಲಿ ಸಿಕ್ಕಿತು. ಅಲ್ಲಿ ಕೂತು ಹಳೆಯ ಒರೆಯನ್ನು ಬಿಚ್ಚಿದಾಗ ಅವನಿಗೇ ಬೆರಗಾಯಿತು. ಮರದ ಎರಡು ಸೀಳುಗಳನ್ನು ಬರೀ ಅನ್ನದ ಅಂಟಿನಿಂದ ಕೂಡಿಸಿದ್ದರು. ಒಳಗೆ ತುಕ್ಕು ಹಿಡಿದರೆ ಬಿಚ್ಚಿ ತೊಳೆಯಲಿಕ್ಕೆ! ಮುಚ್ಚಿದ್ದನ್ನು ಎಂದಾದರೂ ತೆರೆಯಬೇಕಾಗುತ್ತದೆ ಎಂದು ಆ ಜನಕ್ಕೆ ಗೊತ್ತಿತ್ತು. ಹಿಡಿಗೆ ತೊರಕೆ ಮೀನಿನ ತರಿತರಿ ಚರ್ಮ ಕಲ್ಲಿಕೋಟೆಯಿಂದ ಬಂತು, ಸುತ್ತಲಿಕ್ಕೆ ರೇಷ್ಮೆ ಹುರಿ ಮೈಸೂರಿನಿಂದ. ಅಲಗು ಹೊಕ್ಕು ಹೊರಡುವಾಗ ಮರ ಸೀಳದಂತೆ ಒರೆಯ ಬಾಯಿಗೆ ಒಂದು ಬಳೆ ಬೇಕು. ಆ ಬಳೆ ಎಮ್ಮೆಕೊಂಬಿನದೇ ಆಗಬೇಕು. ಸಂತೆಯ ಕೊಂಬೆಲ್ಲ ಸಿಬಿರೆದ್ದವು.

ಆದ್ದರಿಂದ ಅವನು ಹಳ್ಳಕ್ಕಿಳಿದಿದ್ದ. ಮೇಲಿನಿಂದ ಕೆಂಪಿ ಗೋಗರೆಯುತ್ತಲೇ ಇದ್ದಳು. ವರ್ಷಗಳ ಹಿಂದೆ ಗಂಡ ಜೋಗಿ ಸತ್ತಾಗ ಹಟ್ಟಿಯವರೆಲ್ಲ ಹೆಣದ ಮುಂದೆ ನಿಂತು ಅವನ ಪಾಪಗಳನ್ನು ಒಂದೊಂದಾಗಿ ಹೇಳಿ, ಒಂದು ಎಮ್ಮೆಗರುವಿನ ಮೇಲೆ ಕೈಯಿಟ್ಟು ಅಟ್ಟಿಬಿಟ್ಟಿದ್ದರು. ಅಂಥ ಕರುವನ್ನು ಯಾರೂ ಕಟ್ಟುವುದಿಲ್ಲ, ಹಾಲು ಕರೆಯುವುದಿಲ್ಲ, ಮುಟ್ಟುವುದೂ ಇಲ್ಲ. ಸತ್ತರೆ ಮಣ್ಣಾಗಲು ಬಿಡಬೇಕು.

ವಾಮನಪ್ಪ ಗರಗಸ ಹಚ್ಚಿದ.

ಕೊಂಬನ್ನು ಕುದಿಸಿದಾಗ ಎದ್ದ ನಾತಕ್ಕೆ ಹಟ್ಟಿಯ ನಾಯಿಗಳು ಊಳಿಟ್ಟವು. ಅರ ಹಚ್ಚಿದಾಗ ಸುಟ್ಟ ಕೂದಲ ವಾಸನೆ. ಬಳೆ ಒರೆಯ ಬಾಯಿಗೆ ಕೂತ ದಿನ ಅವನಿಗೆ ಮೊದಲ ಬಾರಿ ಅನ್ನ ಸೇರಲಿಲ್ಲ. ಏನೋ ತಪ್ಪು ಮಾಡಿದ್ದೇನೆ. ಏನು? ತಿಳಿಯದು. ಹೊಲದ ಗಡಿಗಲ್ಲಿನ ಪಕ್ಕ ಹಾದರೆ ಅಂಗೈಗೆ ಕಲ್ಲಿನ ಭಾರ ಬರುತ್ತಿತ್ತು. ಅದನ್ನು ತಾನೇ ಸರಿಸಿದ್ದೆನೆಂದು ಖಾತ್ರಿಯಾಗಿ ತಲೆ ತಗ್ಗುತ್ತಿತ್ತು. ಈ ಬೆಟ್ಟ ಹತ್ತಿದ್ದೇ ಈ ವರ್ಷ. ಕಲ್ಲು ಸರಿಸುವುದೆಲ್ಲಿ ಬಂತು? ಚಳಿಯ ಮಂಪರು ಎಂದು ತನಗೆ ತಾನೇ ಗದರಿಕೊಂಡ.

ಮೈಸೂರಿನಲ್ಲಿ ಹೆಂಡತಿ ತುಂಬು ಬಸುರಿ. ಹೆರಿಗೆಗೆ ಬರುತ್ತೇನೆ, ಮಗುವನ್ನು ಮೊದಲು ಎತ್ತಿಕೊಳ್ಳುವವನು ನಾನೇ ಎಂದು ಮಾತು ಕೊಟ್ಟಿದ್ದ. ಕತ್ತಿಯನ್ನು ಒಪ್ಪಿಸಿದರೆ ಸಾಕಾಗಿತ್ತು.

ಒಪ್ಪಿಸಿದ. ದೊರೆ ಅಲಗನ್ನು ಎಳೆದಾಗ ಕೊಂಬಿನ ಬಳೆ ನಿಟ್ಟುಸಿರಿಟ್ಟ ಸದ್ದು ವಾಮನಪ್ಪನಿಗೊಬ್ಬನಿಗೇ ಕೇಳಿಸಿತು. ದೊರೆ ಅದನ್ನು ಪೆಟ್ಟಿಗೆಗೆ ಹಾಕಿಸಿ ತನ್ನ ದೇಶಕ್ಕೆ ಹೊರಟೇಬಿಟ್ಟ.

ಮರುದಿನ ವಾಮನಪ್ಪ ಗಂಟು ಕಟ್ಟಿಕೊಂಡು ಹೊರಟ. ಮಧ್ಯಾಹ್ನವೇ ಮಂಜು ಇಳಿದಿತ್ತು. ಹಳ್ಳದ ದಾರಿ. ಒದ್ದೆ ಸೊಪ್ಪಿನ ವಾಸನೆ. ಮುಂದೆ ಒಬ್ಬ ನಡೆಯುತ್ತಿದ್ದ. ಬಿಳಿ ಮುಂಡಾಸು, ಹಟ್ಟಿಯ ಗಂಡಸರು ಹೊದೆಯುವ ಬಿಳಿ ಸೀಲೆ. ಬೆನ್ನು ಮಾತ್ರ ಕಾಣುತ್ತಿತ್ತು. ವಾಮನಪ್ಪನ ಕಾಲು ಬಿರುಸಾಯಿತು. ಬೇಡ. ಕೈ ಎದ್ದಿತು. ಬೇಡ, ಬೇಡ! ಕೈ ನೂಕಿತು. ಬೆನ್ನು ಬೆಚ್ಚಗಿತ್ತು. ಸೀಲೆಯ ಅಂಚು ಮುಷ್ಟಿಯಲ್ಲೇ ಹರಿಯಿತು. ಕೆಳಗಿನಿಂದ ಒಂದು ಕೂಗು. ಆಮೇಲೆ ಏನೂ ಇಲ್ಲ.

ಬಗ್ಗಿ ನೋಡಿದ. ಹಳ್ಳದಲ್ಲಿ ಎಮ್ಮೆಯ ಎಲುಬು ಮಾತ್ರ. ಮುಷ್ಟಿ ಬಿಚ್ಚಿದ. ಖಾಲಿ.

ಎದ್ದು ಬಿದ್ದು ಓಡಿಬಂದು ಕೆಂಪಿಯ ಅಂಗಳದಲ್ಲಿ ಕುಸಿದ. ಬಾಯಿಂದ ಬಂದದ್ದು ಮೈಸೂರಿನ ಮಾತಲ್ಲ, ಹಟ್ಟಿಯ ಮಾತು.

"ನಿನ್ನ ಅಣ್ಣನ ನಾನೇ ನೂಕಿದೆ ಕೆಂಪಿ. ಹೊಲಕ್ಕಾಗಿ ನೂಕಿದೆ. ಕುರುಮನ ಮಾಟವಲ್ಲ, ಕೈ ಎನ್ನದು."

ಕೆಂಪಿಯ ಮುಖ ಬೂದಿಯಾಯಿತು. ಅಣ್ಣ ನಂಜುಂಡ ಹಳ್ಳದಲ್ಲಿ ಸತ್ತು ಸಿಕ್ಕಾಗ, ಕಾಡಿನ ಕುರುಮ ಮುದುಕನೊಬ್ಬ ಮಾಟ ಮಾಡಿ ಕೊಂದನೆಂದು ಜೋಗಿಯೇ ಕೂಗೆಬ್ಬಿಸಿದ್ದ. ಹಟ್ಟಿಯವರು ಪಂಜು ಹಿಡಿದು ಹೋಗಿ ಆ ಮುದುಕನನ್ನು ಗುಡಿಸಲ ಸಮೇತ ಸುಟ್ಟಿದ್ದರು. ಒಂಟಿಯಾಗಿದ್ದ ಅಣ್ಣನ ಹೊಲ ಇವರಿಗೆ ಬಂದಿತ್ತು.

"ಹೆಣದ ಮುಂದೆ ಗಡಿಗಲ್ಲ ಸರಿಸಿದ್ದ ಹೇಳಿದೆವು. ಹಾವ ಕೊಂದದ್ದ ಹೇಳಿದೆವು," ಎಂದಳು ಕೆಂಪಿ ಬಲು ಮೆಲ್ಲಗೆ. "ಇದ ಯಾರೂ ಹೇಳಲಿಲ್ಲ."

"ನಿಮಗೆ ಗೊತ್ತಿತ್ತಾ?" ಈಗ ಅವನದೇ ದನಿ ಬಂದಿತ್ತು.

"ಎನ್ನ ಅಣ್ಣನ ಸೀಲೆ ಅಂಚು ಗಂಡನ ಕೈಲಿ ಕಂಡೆ. ನಾನೇ ಒಲೆಗೆ ಹಾಕಿದೆ. ಎಲ್ಲ ಬಾಯಲಿ ಪಾಪ ಹೇಳುವಾಗ ನಾ ಇದ ಮನಸಲಿ ಹೇಳಿ ಕರುವಿನ ಮ್ಯಾಲೆ ಕೈ ಇಟ್ಟೆ. ಕರು ನಡುಗಿತು."

"ಈಗ ಬಾಯಿಬಿಟ್ಟು ಹೇಳಮ್ಮಾ! ಇನ್ನೊಂದು ಕರು ಬಿಡಿಸಮ್ಮಾ! ನಾನು ಮಗು ಎತ್ತಿಕೊಳ್ಳಬೇಕು, ಈ ಕೈಯಲ್ಲಿ ಹೇಗೆ ಎತ್ತಿಕೊಳ್ಳಲಿ?"

ಕೆಂಪಿ ಹೊಲದತ್ತ ನೋಡಿದಳು. ಅವಳ ಗಂಡುಮಕ್ಕಳು ಅಣ್ಣನ ಆ ಹೊಲದಲ್ಲೇ ಕಳೆ ಕೀಳುತ್ತಿದ್ದರು. ಅವಳ ಕಣ್ಣು ತುಂಬಿ ಬಂತು. ಆದರೂ ಸೆರಗನ್ನು ಬಿಗಿಯಾಗಿ ಎಳೆದುಕೊಂಡು, ಅವನಿಗೆ ತಗಲದಂತೆ ಹಿಂದೆ ಸರಿದಳು.

"ಸತ್ತವಗೆ ಮಾತ್ರ ಕರು ಬಿಡುವದು ಅಯ್ಯಾ. ನೀ ಬದುಕಿದ್ದಿ. ನಾ ಬೇಡ ಅಂದೆ. ನೀನಾಗಿ ಹೊತ್ತೆ."

ಮೈಸೂರಿನಲ್ಲಿ ಹೆಣ್ಣುಮಗು ಹುಟ್ಟಿತಂತೆ. ಸುದ್ದಿ ಹೇಳಲು ಬಂದ ಭಾವಮೈದುನನ ಮುಂದೆ ವಾಮನಪ್ಪ ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡು ಅತ್ತನೇ ಹೊರತು ಹೊರಡಲಿಲ್ಲ. ಅಂದಿನಿಂದ ಅವನು ಸೋಲೆಯ ಅಂಚಿನಲ್ಲೇ ಅಲೆಯುತ್ತಾನೆ. ಸಂಜೆ ಕೆಂಪಿ ಗಡಿಗಲ್ಲಿನ ಮೇಲೆ ಸಾಮೆ ಅನ್ನ ಇಟ್ಟು ದೂರ ಸರಿದು ನಿಲ್ಲುತ್ತಾಳೆ. ಅವನು ಉಂಡು ಹೋಗುತ್ತಾನೆ. ಹಟ್ಟಿಯವರು ಅವನನ್ನು ಬೈಯುವುದಿಲ್ಲ, ಕೆಲಸ ಹೇಳುವುದಿಲ್ಲ, ಮುಟ್ಟುವುದೂ ಇಲ್ಲ.